ಹನ್ನೊಂದು ಒಂದುಗಳು

ಮುರಿಗೆಪ್ಪಣ್ಣನ ಬಗ್ಗೆ ಯಾವ ಮುಖ ಇಟ್ಟುಕೊಂಡು ಬರೆಯಲಿ? ಆದರೆ ಬೇರೆ ಬರೆಯುವವರು ಯಾರೂ ಇಲ್ಲ.

ಧಾರವಾಡದ ಕಡೆಯವರು. ಮುಲುಂಡದ ಚಾಳಿನಲ್ಲಿ ನನ್ನ ನೆರೆಯವರು. ಬೋರಿಬಂದರಿನ ಒಂದೇ ಕಂಪನಿಯಲ್ಲಿ ನಾವಿಬ್ಬರೂ ಕಾರಕೂನರು. ಅವರ ಒಬ್ಬಳೇ ಮಗಳು ಸೇವಂತಿ, ಒಂಬತ್ತು ವರ್ಷದವಳು, ೧೯೪೯ರ ಒಂದು ಸಂಜೆ ಬಳಪ ಹಿಡಿದು ಪಾಟಿಯ ಈ ತುದಿಯಿಂದ ಆ ತುದಿಗೆ ಬರೀ ಒಂದುಗಳನ್ನು ಬರೆದಳು. ಹನ್ನೊಂದು ಹಿಡಿದವು: ೧೧೧೧೧೧೧೧೧೧೧.

“ಅಪ್ಪಾ, ಇದು ಯಾತರಿಂದರೆ ಭಾಗ ಹೋಗತೈತೇನು?”

“ನೋಡಿ ಹೇಳತೇನವ್ವಾ” ಎಂದರು. ಹನ್ನೆರಡನೆಯ ದಿನ ವಿಷಮಜ್ವರದಲ್ಲಿ ಹುಡುಗಿ ಹೋಯಿತು. ಕೊಟ್ಟ ಮಾತು ಹಾಗೇ ಉಳಿಯಿತು.

ಅಂದಿನಿಂದ ಅವರಿಗೆ ಅದೊಂದೇ ಧ್ಯಾನ. ಬೆಳಗಿನ ಲೋಕಲ್ ರೈಲಿನಲ್ಲಿ ನಾವು ಇಸ್ಪೀಟು ಆಡುತ್ತಿದ್ದರೆ ಅವರು ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ದಿನಕ್ಕೊಂದು ಸಂಖ್ಯೆಯಿಂದ ಭಾಗಿಸುತ್ತಿದ್ದರು. ಎರಡು, ಮೂರು, ಐದು, ಏಳು, ಹೀಗೆ ತಾವೇ ಒಡೆಯದ ಸಂಖ್ಯೆಗಳಾದರೆ ಸಾಕು. ಎರಡರಿಂದ ಹೋಗದ್ದು ನಾಲ್ಕರಿಂದ ಎಲ್ಲಿ ಹೋದೀತು? ಸಂಜೆಯ ಲೋಕಲಿನಲ್ಲಿ ಗುಣಿಸಿ ತಾಳೆ ನೋಡುತ್ತಿದ್ದರು. ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತಿತ್ತು. ಅದರ ವರ್ಗಮೂಲದವರೆಗೆ, ಅಂದರೆ ಒಂದು ಲಕ್ಷದ ಐದು ಸಾವಿರದ ಆಸುಪಾಸಿನವರೆಗೆ ನೋಡಿಬಿಟ್ಟರೆ ಆಯಿತು, ಇದು ಒಡೆಯುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು ಎನ್ನುತ್ತಿದ್ದರು. ಅದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಿತ್ತು.

“ಗುಡ್ಡಾ ಅಗದು ಇಲಿ ಹಿಡಿಯೂದು ಯಾಕ್ರಿ ಅಣ್ಣಾ?” ಎಂದು ಚೇಷ್ಟೆ ಮಾಡಿದೆ.

“ಇಲಿನರೆ ಸಿಗಲಿ ಬಿಡೋ” ಎಂದರು.

೧೯೫೭ರಲ್ಲಿ ಊರಿಗೆಲ್ಲ ಫ್ಲೂ ಬಂತು. ಮುರಿಗೆಪ್ಪಣ್ಣನೂ ಮಲಗಿದರು. ನಾನು ಕೆಲಸಕ್ಕೆ ಹೊರಟಾಗ ಕರೆದು ನೋಟುಬುಕ್ಕು ಕೊಟ್ಟರು. “ಇವತ್ತಿಂದೊಂದು ನೀನ ಮಾಡಪಾ. ಕೆಲಸದ ದಿನ ಒಂದೂ ತಪ್ಪಿಸಿಲ್ಲ.”

ಆ ದಿನದ ಸಂಖ್ಯೆ ೨೧೬೪೯. ನನಗೋ ಅಂದು ಇಸ್ಪೀಟಿನ ಎಲೆ ಚೆನ್ನಾಗಿ ಬಿದ್ದಿದ್ದವು. ಘಾಟ್ಕೋಪರ್ ದಾಟಿದರೂ ನೋಟುಬುಕ್ಕು ಬಿಚ್ಚಲಿಲ್ಲ, ಬರುವಾಗಲೂ ಬಿಚ್ಚಲಿಲ್ಲ. ಕೊನೆಗೆ ಚಾಳಿನ ಮೆಟ್ಟಿಲ ಮೇಲೆ ನಿಂತು ಬಾಯಿಗೆ ಬಂದ ಭಾಗಲಬ್ಧ ಬರೆದು, ‘ಶೇಷ ೭೪೦೨’ ಎಂದು ಗೀಚಿದೆ.

“ತಾಳೆ ನೋಡ್ತೀರೇನ್ರಿ?” ಎಂದು ಅಳುಕುತ್ತಲೇ ಕೇಳಿದೆ.

“ನೀ ಮಾಡೀದಿ ಅಂದಮ್ಯಾಲೆ ತಾಳೆ ಯಾಕ?” ಎಂದರು. ಮರುದಿನ ಜ್ವರ ಇಳಿದು ಮುಂದಿನ ಸಂಖ್ಯೆಗೆ ಹೋದರು.

೧೯೫೯ರಲ್ಲಿ ಕ್ಷಯ ಅವರನ್ನು ಆಸ್ಪತ್ರೆಗೆ ಎಳೆಯಿತು. ಪೆನ್ಸಿಲು ಹಿಡಿಯಲು ಆಗುತ್ತಿಲ್ಲವೆಂದು ನೋಟುಬುಕ್ಕನ್ನು ನನಗೇ ಕೊಟ್ಟರು. ತಿರುಗಿ ಬರುವಾಗ ಲೋಕಲಿನಲ್ಲಿ ಪುಟ ತಿರುವುತ್ತ ನನ್ನ ಅಕ್ಷರ ಕಂಡೆ. ಎರಡು ವರ್ಷದ ಮೇಲೆ ನಾಚಿಕೆ ಬಂತು. ಕೂತಲ್ಲೇ ಭಾಗಿಸಿದೆ. ೫೧೩೨೩೯ ಸಲ ಹೋಯಿತು, ಶೇಷ ಸೊನ್ನೆ. ಮೂರು ಸಲ ಮಾಡಿ ನೋಡಿದೆ. ಸೊನ್ನೆಯೇ.

ಮರುದಿನ ಆ ಲೆಕ್ಕದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ಹೇಳಿಯೇ ಬಿಡಬೇಕೆಂದು ಹೋದೆ. ಅವರು ಕಣ್ಣು ತೆರೆದು, “ನೀಲಕಂಠಪ್ಪಾ, ಹುಡುಗಿ ಕೇಳಿದರ ಏನ ಹೇಳಲಿ?” ಎಂದರು.

ಹೇಳಿದರೆ, ಎರಡು ವರ್ಷ ಅವರು ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದು ನನ್ನಿಂದ ಎಂದು ತಿಳಿಯುತ್ತಿತ್ತು. ನಾನು ಹೇಡಿ. “ಆರಾಮ ಆಗ್ತೀರಿ ಅಣ್ಣಾ, ಆಮ್ಯಾಲೆ ನೀವ ನೋಡಿ ಹೇಳ್ರಿ” ಎಂದೆ.

“ಎಲ್ಲೀ ಆರಾಮೋ. ಗೊತ್ತಾಗಲಿಲ್ಲವ್ವಾ ಅಂತ ಹೇಳತೇನಿ” ಎಂದು ಗೋಡೆಯ ಕಡೆ ಹೊರಳಿದರು.

ಶುಕ್ರವಾರ ತೀರಿಕೊಂಡರು. ಚೀಟಿ ನನ್ನ ಜೇಬಿನಲ್ಲೇ ಇತ್ತು.