ಮೂಗಣ್ಣನ ಬಿಳಿ ಮೀನು

ಕನ್ನಡಕದ ಫ್ರೇಮು ಮಾಡುವ ಆ ಕಾರ್ಖಾನೆಯಲ್ಲಿ ನೂರ ನಲವತ್ತು ಜನರಿಗೆ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವನನ್ನು ಎಲ್ಲರೂ ಮೂಗಣ್ಣ ಎನ್ನುತ್ತಿದ್ದರು. ಅವನ ಮೂಗೇನೂ ಉದ್ದವಿರಲಿಲ್ಲ, ಸೊಟ್ಟಗೂ ಇರಲಿಲ್ಲ. ನೋಡುವುದಕ್ಕೆ ಸಾಧಾರಣ ಸರ್ಕಾರಿ ಮೂಗು. ಆದರೆ ಕೆಲಸದಲ್ಲಿ ಅದರದ್ದು ಬೇರೆಯೇ ಖದರು. ಉಗ್ರಾಣದ ಬಾಗಿಲಲ್ಲಿ ನಿಂತು, "ಎಡಗಡೆಯ ಮೂರನೇ ಚೀಲ, ಅಡಿಯಲ್ಲಿ ಒಂದು ಆಲೂಗೆಡ್ಡೆ ಕೊಳೆತಿದೆ" ಎಂದರೆ, ಚೀಲ ಸುರಿದು ನೋಡಿದಾಗ ಕೊಳೆತದ್ದು ಒಂದೇ ಇರುತ್ತಿತ್ತು, ಅಡಿಯಲ್ಲೇ ಇರುತ್ತಿತ್ತು. ಒಮ್ಮೆ ಲಿಫ್ಟಿನ ಮೋಟಾರು ಸುಡುತ್ತಿದೆ ಎಂದು ಎಲೆಕ್ಟ್ರಿಷಿಯನ್ನಿಗಿಂತ ಮೊದಲು ಹೇಳಿದವನೂ ಅವನೇ. ಅವತ್ತಿನಿಂದ ಅವನ ನಡಿಗೆಯಲ್ಲಿ ಮೂಗು ಒಂದು ಹೆಜ್ಜೆ ಮುಂದಿರುತ್ತಿತ್ತು, ಅವನು ಒಂದು ಹೆಜ್ಜೆ ಹಿಂದಿರುತ್ತಿದ್ದ.

ಆ ಮೂಗು ಎರಡು ವರ್ಷದ ಹಿಂದೆ ಸತ್ತುಹೋಯಿತು.

ಒಂದು ವಾರದ ಜ್ವರ, ಅಷ್ಟೇ. ಜ್ವರ ಬಿಟ್ಟ ಮರುದಿನ ಮನೆಯ ಒಲೆಯ ಮುಂದೆ ಅವನು ನಿಂತಿದ್ದಂತೆಯೇ ಹಾಲು ತಳ ಹತ್ತಿ ಕಪ್ಪಾಯಿತು. ಹೆಂಡತಿ ಹಿತ್ತಲಿನಿಂದ ಓಡಿಬಂದು, "ಏನ್ರೀ, ನಿಂತ್ಕೊಂಡೇ ನಿದ್ದೆ ಮಾಡ್ತಿದೀರಾ?" ಎಂದಳು. ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ನರಕ್ಕೆ ಪೆಟ್ಟಾಗಿದೆ, ಬಂದರೂ ಬರಬಹುದು, ಮೂರು ವರ್ಷ ಕಾದು ನೋಡಿ ಎಂದರು. ದಿನಾ ಲವಂಗ, ಗುಲಾಬಿ ಮುಂತಾದ ನಾಲ್ಕು ವಸ್ತುಗಳನ್ನು ಮೂಸಬೇಕು. ಹೊಗೆ, ರಾಸಾಯನಿಕಗಳ ಹತ್ತಿರ ಮಾತ್ರ ಸುಳಿಯಬಾರದು. ಅಂದಿನಿಂದ ಅವನು ಬೆಳಿಗ್ಗೆ ಎದ್ದು, ದೇವರಿಗೂ ಕೈ ಮುಗಿಯದವನು, ಲವಂಗದ ಮುಂದೆ ಕಣ್ಣು ಮುಚ್ಚಿ ಕೂರತೊಡಗಿದ. ಲವಂಗ ಪ್ರಸನ್ನವಾಗಲಿಲ್ಲ.

ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ. ಸಂಬಳ ತರುವ ಅಂಗವೇ ರಜೆ ಹಾಕಿ ಕೂತಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? ಮೂರು ವರ್ಷ ಹೇಗಾದರೂ ತಳ್ಳಿಬಿಟ್ಟರೆ ಮೂಗೇ ಮರಳಿ ಬರುತ್ತದೆ, ಒಲೆ ಉಳಿಯುತ್ತದೆ ಎಂಬುದೊಂದೇ ಲೆಕ್ಕಾಚಾರ.

ತಳ್ಳುವುದು ಕಷ್ಟವೂ ಆಗಲಿಲ್ಲ. ಅವನ ಕಿವಿ ಮುಂದೆ ಬಂತು. ಕಾದ ಎಣ್ಣೆಗೆ ಮೀನು ಬಿಟ್ಟರೆ ಮೊದಲು ಬೊಬ್ಬೆ ಹೊಡೆಯುತ್ತದೆ, ಆಮೇಲೆ ಗೊಣಗುತ್ತದೆ, ನೀರೆಲ್ಲ ಆರಿದ ಮೇಲೆ ಸೋತ ಗಂಡಸಿನ ಹಾಗೆ ಸುಮ್ಮನಾಗುತ್ತದೆ. ಸುಮ್ಮನಾದಾಗ ಎತ್ತಬೇಕು. ಮೀನು ತಾಜಾ ಹೌದೋ ಅಲ್ಲವೋ ಎಂಬುದಕ್ಕೆ ಕಣ್ಣಿತ್ತು: ಕಿವಿರು ಕೆಂಪಗಿದೆಯೇ, ಕಣ್ಣುಗುಡ್ಡೆ ಉಬ್ಬಿದೆಯೇ ನೋಡಿದರೆ ಸಾಕು. ಉಪ್ಪು ಹುಳಿ ನಾಲಿಗೆಗೇ ತಿಳಿಯುತ್ತಿತ್ತು. ಇಷ್ಟಕ್ಕೂ ಮೀರಿದ್ದಕ್ಕೆ ಪಾತ್ರೆ ತೊಳೆಯುವ ಅಕ್ಕ ಇದ್ದಳು. ಹಾಲು ಒಡೆಯುವಂತಿದ್ದರೆ, ತಳ ಹಿಡಿಯುವಂತಿದ್ದರೆ ಅವಳು ನಲ್ಲಿಯ ಹತ್ತಿರದಿಂದಲೇ ಒಮ್ಮೆ ಕೆಮ್ಮುತ್ತಿದ್ದಳು. ಮೊದಲ ಸಲ ಅವನು, "ಅಕ್ಕಾ, ಕೆಮ್ಮಿಗೆ ಔಷಧಿ ತಗೊಳ್ಳಿ" ಎಂದಿದ್ದ. "ನನ್ನ ಕೆಮ್ಮಿಗೆ ಔಷಧಿ ನಿನ್ನ ಒಲೆ ಮೇಲಿದೆ ತಮ್ಮಾ, ಉರಿ ಸಣ್ಣಗೆ ಮಾಡು" ಎಂದಳು ಅವಳು. ಮತ್ತೆ ಆ ವಿಷಯ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಎಲ್ಲ ಕೆಟ್ಟದ್ದು ಆರೋಗ್ಯದಿಂದ. ವೆಲ್‌ಫೇರ್ ಮೇಡಂ ಕಾರ್ಖಾನೆಯವರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಕೊಬ್ಬಿನ ಅಂಕಿಗಳನ್ನು ನೋಡಿ ಗಾಬರಿಯಾದರು. ಹದಿನೈದೇ ದಿನಕ್ಕೆ ಊಟದ ಹಾಲ್‌ಗೆ ನಾಲ್ಕು ದೊಡ್ಡ ಏರ್ ಫ್ರೈಯರುಗಳು ಬಂದು, ಎಲ್ಲರಿಗೂ ಕಾಣುವ ಹಾಗೆ ಕೌಂಟರಿನ ಮೇಲೆ ಸಾಲಾಗಿ ಕೂತವು. ಕಪ್ಪಗೆ, ದುಂಡಗೆ, ಹೆಲ್ಮೆಟ್ ಹಾಕಿಕೊಂಡ ಪೊಲೀಸರ ಹಾಗೆ. ಇನ್ನು ಮೇಲೆ ಕರಿಯುವುದಿಲ್ಲ. ವಾರಕ್ಕೆರಡು ದಿನ ಮುಳ್ಳಿಲ್ಲದ ಬಿಳಿ ಮೀನಿನ ಫಿಲೆಟ್, ಇನ್ನೂರು ಡಿಗ್ರಿ, ಹನ್ನೆರಡು ನಿಮಿಷ.

"ಎಣ್ಣೆ ಇಲ್ಲದೆ ಮೀನು ಬೇಯುತ್ತಾ ಮೇಡಂ?"

"ಗಾಳಿಯಲ್ಲಿ ಬೇಯುತ್ತೆ. ನೀವು ಆರಾಮಾಗಿರಬಹುದು, ಅದೇ ಆಫ್ ಆಗುತ್ತೆ."

ಅಡುಗೆಯವನಿಗೆ ಆರಾಮಾಗಿರಿ ಎಂದರೆ ಅದು ಆಶೀರ್ವಾದವೋ ನೋಟಿಸೋ ಎಂದು ಅವನಿಗೆ ಅವತ್ತು ಹೊಳೆಯಲಿಲ್ಲ. ಆ ಯಂತ್ರದ ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ. ಹಸಿ ಮೀನಿಗೂ ಅದೇ ಗುಂಯ್, ಸೀದ ಮೀನಿಗೂ ಅದೇ ಗುಂಯ್. ಅವನ ಕಿವಿಗೆ ಅಲ್ಲಿ ಕೆಲಸವಿಲ್ಲ. ಫಿಲೆಟ್ ಬರುವುದು ಚರ್ಮ ಸುಲಿದು, ತಲೆ ತೆಗೆದು, ಬಿಳಿ ಸೋಪಿನ ತುಂಡಿನ ಹಾಗೆ ಹಿಮಗಟ್ಟಿ. ಕಣ್ಣಿಲ್ಲ, ಕಿವಿರಿಲ್ಲ, ಮುಖವೇ ಇಲ್ಲದ ಮೀನಿನ ಮುಖ ಹೇಗೆ ನೋಡುವುದು? ಎಣ್ಣೆ ಜಿಡ್ಡಿನ ಬಾಣಲೆಗಳು ಇಲ್ಲವಾದ ಮೇಲೆ ಅವನ್ನು ತಿಕ್ಕುವ ಅಕ್ಕನೂ ಬೇಡವಾದಳು. ಅವಳನ್ನು ಪ್ಯಾಕಿಂಗ್ ವಿಭಾಗದಲ್ಲಿ ಕಸ ಗುಡಿಸಲು ಹಾಕಿದರು. ಹೋಗುವಾಗ ಅವಳು, "ಜೋಪಾನ ತಮ್ಮಾ, ಅಲ್ಲಿಂದ ಕೆಮ್ಮಿದ್ರೆ ನಿಂಗೆ ಕೇಳ್ಸಲ್ಲ" ಎಂದಷ್ಟೇ ಹೇಳಿದಳು.

ಉಳಿದದ್ದು ಒಂದೇ ಉಪಾಯ. ಅನುಮಾನ ಬಂದದ್ದನ್ನೆಲ್ಲ ಮೂಸಿದ ಹಾಗೆ ಮಾಡಿ, ಹುಬ್ಬು ಗಂಟಿಕ್ಕಿ, "ಇದು ನಡೆಯಲ್ಲ" ಎಂದು ಎಸೆಯುವುದು. ಎರಡು ತಿಂಗಳಲ್ಲಿ ಅವನು ಎಷ್ಟು ಒಳ್ಳೆಯ ಮೀನನ್ನು ಬೆಕ್ಕುಗಳಿಗೆ ದಾನ ಮಾಡಿದನೆಂದರೆ, ಕಾಂಪೌಂಡಿನ ಬೆಕ್ಕುಗಳು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವು. ಕೊನೆಗೆ ಮೇಡಂ ಕರೆದು, ಇನ್ನೊಂದು ಪೆಟ್ಟಿಗೆ ಎಸೆದರೆ ಕಾರಣ ಬರೆದುಕೊಡಬೇಕಾಗುತ್ತದೆ ಎಂದರು.

ಅದೇ ವಾರದಲ್ಲಿ ಆಯಿತು ನೋಡಿ. ನಾಲ್ಕು ಯಂತ್ರ ಒಟ್ಟಿಗೆ ಓಡಿಸಿದರೆ ಫ್ಯೂಸ್ ಹಾರುತ್ತಿತ್ತು. ಅದಕ್ಕೆ ಸ್ಟೋರಿನವನು ನಾಲ್ಕನೆಯದಕ್ಕೆ ಫ್ರೀಜರಿನ ಪ್ಲಗ್ ಕಿತ್ತು ಜಾಗ ಮಾಡಿಕೊಡುತ್ತಿದ್ದ, ಊಟವಾದ ಮೇಲೆ ಮತ್ತೆ ಸಿಕ್ಕಿಸುತ್ತಿದ್ದ. ಶನಿವಾರ ಮರೆತ. ಸೋಮವಾರ ಬೆಳಿಗ್ಗೆ ನೋಡಿಕೊಂಡು, ಕಳ್ಳನ ಹಾಗೆ ಸಿಕ್ಕಿಸಿದ. ಮಂಗಳವಾರ ಮೀನಿನ ದಿನ. ಮತ್ತೆ ಗಟ್ಟಿಯಾಗಿದ್ದ ಪೆಟ್ಟಿಗೆಯನ್ನು ತಂದು ಅವನ ಮುಂದಿಟ್ಟ.

"ಮೂಗಣ್ಣ, ಒಂದ್ಸಲ ನೋಡಿಬಿಡಿ. ಪ್ಲಗ್ ಸ್ವಲ್ಪ ಹೊತ್ತು ಬಿಟ್ಟೋಗಿತ್ತು."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ... ಸ್ವಲ್ಪ. ನಂಗೆ ಮೀನು ಅಂದ್ರೆ ಎಲ್ಲ ಒಂದೇ ನಾತ ಅಣ್ಣ, ತಿನ್ನೋನಲ್ಲ. ನೀವಿದೀರಲ್ಲ, ನಿಮ್ಮ ಮೂಗೇ ನಮಗೆ ಸರ್ಟಿಫಿಕೇಟು."

ಮೂಗಣ್ಣ ಒಂದು ತುಂಡೆತ್ತಿ ಮೂಗಿನ ಹತ್ತಿರ ಹಿಡಿದ. ತಣ್ಣಗಿತ್ತು. ಅಷ್ಟೇ ತಿಳಿದದ್ದು. ಎಸೆಯೋಣವೆಂದರೆ ಬರೆದುಕೊಡಬೇಕು, ಬರೆದುಕೊಟ್ಟರೆ ಮೇಡಂ ತಾವೇ ಬಂದು ಮೂಸಿ ನೋಡುತ್ತಾರೆ. ಒಳ್ಳೆಯದೇ ಇದ್ದರೆ? ಹೊಟ್ಟೆಪಾಡು ಯೋಚನೆ ಮಾಡತೊಡಗಿದರೆ ಮೆದುಳು ಬಾಯಿ ಮುಚ್ಚಿಕೊಳ್ಳುತ್ತದೆ.

"ಏನೂ ಆಗಿಲ್ಲ, ನಡೆಯುತ್ತೆ" ಎಂದ.

ಮೀನು ಕರಗಿದ ಮೇಲೆ ಒಂದೊಂದೇ ತುಂಡನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದ. ಒದ್ದೆ ಇದ್ದರೆ ಹುರಿಯುವುದಿಲ್ಲ, ಬೆವರುತ್ತದೆ. ಬಾಲದ ಕಡೆಯ ತೆಳುವಾದ ತುದಿಯನ್ನು ಒಳಕ್ಕೆ ಮಡಚಿದ. ಉಪ್ಪು, ಮೆಣಸಿನ ಪುಡಿ, ಬ್ರಶ್ಶಿನಲ್ಲಿ ಒಂದಿಷ್ಟು ಎಣ್ಣೆ, ಮೇಲೆ ಬ್ರೆಡ್ಡಿನ ಪುಡಿ. ಮದುವೆ ಹೆಣ್ಣಿಗೆ ಮಾಡುವಷ್ಟು ಅಲಂಕಾರ ಮಾಡಿ, ಒಂದಕ್ಕೊಂದು ತಾಗದ ಹಾಗೆ ಬುಟ್ಟಿಯಲ್ಲಿಟ್ಟು, ಗುಂಡಿ ಒತ್ತಿದ.

ಗಂಟೆ ಹೊಡೆಯಿತು, ಸಾಲು ನಿಂತಿತು. ಮೊದಲ ಯಂತ್ರ ಟಿಂಗ್ ಎಂದಿತು. ಅವನು ಬುಟ್ಟಿ ಎಳೆದು, ಹೊಂಬಣ್ಣಕ್ಕೆ ತಿರುಗಿದ್ದ ತುಂಡೊಂದನ್ನು ಸಾಲಿನ ಮೊದಲಲ್ಲಿದ್ದ ಹೆಂಗಸಿನ ತಟ್ಟೆಗೆ ಹಾಕಿದ. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಹಿಂದಿನವನು ಸರಿದ. ಸಾಲು ಹಾವಿನ ಹಾಗೆ ಹಿಂದಕ್ಕೆ ಬಳುಕಿತು.

"ಅಯ್ಯಯ್ಯೋ, ಏನಿದು!"

"ಯಾರಾದ್ರೂ ಆ ಕಿಟಕಿ ತೆಗೀರಪ್ಪಾ!"

ಮೂಗಣ್ಣ ನಕ್ಕ. ಎಣ್ಣೆ ನಿಲ್ಲಿಸಿದ ಸಿಟ್ಟಿಗೆ ಇವರು ದಿನಾ ಒಂದು ನಾಟಕ ಆಡುತ್ತಿದ್ದರು. "ಸಾಕು ಸಾಕು, ಬನ್ನಿ. ಬಿಸಿ ಇದ್ದಾಗಲೇ ತಿನ್ನಿ."

"ಮೂಗಣ್ಣ, ನಿಮಗೆ ಬರ್ತಿಲ್ವಾ?"

"ಏನು?"

ಆಗ ಅವನು ಮಾಡಿದ ಕೆಲಸಕ್ಕೆ ಆಮೇಲೆ ತನ್ನನ್ನೇ ತಾನು ಎಷ್ಟು ಬೈದುಕೊಂಡರೂ ಸಾಲಲಿಲ್ಲ. ಎರಡನೇ ಯಂತ್ರದ ಬುಟ್ಟಿಯನ್ನೂ ಎಳೆದು, ಎಲ್ಲರೂ ನೋಡುತ್ತಿದ್ದಂತೆ ಅದರೊಳಗೆ ಮುಖವಿಟ್ಟು, ಎದೆ ತುಂಬ ಉಸಿರೆಳೆದು, ತಲೆಯೆತ್ತಿ ಹೇಳಿದ: "ಘಮಘಮ ಅಂತಿದೆಯಲ್ರೀ!"

ನೂರ ನಲವತ್ತು ಜನ ಅವನ ಮುಖವನ್ನೇ ನೋಡಿದರು. ಯಂತ್ರಗಳು ಮಾತ್ರ ಗುಂಯ್ ಎನ್ನುತ್ತಿದ್ದವು. ಸ್ಟೋರಿನವನು ಬಾಗಿಲಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ. ಆ ಕರವಸ್ತ್ರ ನೋಡಿದಾಗ ಮೂಗಣ್ಣನಿಗೆ ಅರ್ಥವಾಯಿತು. ಮೀನೆಂದರೆ ಎಲ್ಲ ಒಂದೇ ನಾತ ಎಂದವನಿಗೂ ಇದು ಬೇರೆ ಎಂದು ತಿಳಿದಿತ್ತು.

ಮರುದಿನ ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಎರಡು ತಿಂಗಳು."

"ಮತ್ತೆ ಹೇಳ್ಬೇಕಲ್ವಾ?"

"ಕುರುಡ ಡ್ರೈವರು ತಾನಾಗೇ ಬಂದು ಹೇಳ್ತಾನಾ ಮೇಡಂ, ಕಾಣಿಸ್ತಿಲ್ಲ ಅಂತ?"

ಮೇಡಂ ನಗಲಿಲ್ಲ. ಫೈಲೊಂದನ್ನು ತಿರುವಿ ಹಾಕಿದರು. ಯಾರೂ ತಿಂದಿರಲಿಲ್ಲವಾದ್ದರಿಂದ ವಿಷಯ ದೊಡ್ಡದು ಮಾಡುವುದಿಲ್ಲ. ಕ್ಯಾಂಟೀನನ್ನು ಸ್ಟೋರಿನವನು ನೋಡಿಕೊಳ್ಳುತ್ತಾನೆ, ಯಂತ್ರ ತಾನೇ. ಇವನನ್ನು ಮನೆಗೆ ಕಳಿಸುವುದಿಲ್ಲ, ಬೇರೆ ಜಾಗ ಇದೆ. ಫ್ರೇಮುಗಳಿಗೆ ಅಂಟು ಹಾಕಿ, ದ್ರಾವಣದಲ್ಲಿ ಅದ್ದಿ ಹೊಳಪು ಕೊಡುವ ಕೋಣೆ. ಆರು ತಿಂಗಳಲ್ಲಿ ಮೂವರು ಬಿಟ್ಟುಹೋಗಿದ್ದರು.

"ಆ ವಾಸನೆಗೆ ಯಾರೂ ನಿಲ್ತಿಲ್ಲ" ಎಂದರು ಮೇಡಂ. ಅವರ ಮುಖದಲ್ಲಿ ನಿಜವಾದ ಸಂತೋಷವೇ ಇತ್ತು. "ನಿಮಗೆ ಆ ತೊಂದರೆ ಇಲ್ವಲ್ಲ."

ಅವತ್ತು ಮಧ್ಯಾಹ್ನ ಅವನು ಸ್ಟೋರಿನವನಿಗೆ ಕೆಲಸ ಕಲಿಸಬೇಕಾಗಿತ್ತು. ಹನ್ನೊಂದು ವರ್ಷದ ಅಡುಗೆ, ಒಂದು ಮಧ್ಯಾಹ್ನದಲ್ಲಿ ಹೇಗೆ ಮುಗಿಯುತ್ತದೆ ಎಂದು ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಹೊಸ ಪೆಟ್ಟಿಗೆ ಒಡೆದರು.

"ಒರೆಸು. ಇನ್ನೂ ಒರೆಸು. ಆ ತುದಿ ಮಡಚು. ಎಣ್ಣೆ ಸವರು, ಸುರೀಬೇಡ. ಒಂದರ ಮೇಲೊಂದು ಇಡಬೇಡ. ಎಂಟು ನಿಮಿಷಕ್ಕೆ ತಿರುವಿ ಹಾಕು."

"ಹ್ಞೂಂ. ಆಮೇಲೆ?"

"ಆಮೇಲೆ ಫೋರ್ಕಲ್ಲಿ ಒತ್ತಿ ನೋಡು. ಪದರ ಪದರವಾಗಿ ಬಿಟ್ಕೊಂಡ್ರೆ ಆಯ್ತು."

"ಇಷ್ಟೇನಾ ಅಣ್ಣ?"

ಮೂಗಣ್ಣ ಯೋಚಿಸಿದ. ಇನ್ನೇನೋ ಇದ್ದೇ ಇರಬೇಕು ಎಂದು ತಲೆಯ ಮೂಲೆಮೂಲೆ ಗುಡಿಸಿದ. ಬೆಂಕಿಯ ಉರಿ, ಎಣ್ಣೆಯ ಮಾತು, ಮೀನಿನ ಕಣ್ಣು, ಯಾವುದೂ ಈ ಪೆಟ್ಟಿಗೆಗೆ ಹೊಂದುವುದಿಲ್ಲ.

"ಇಷ್ಟೇ" ಎಂದ.

ಟಿಂಗ್ ಎಂದಿತು. ಮೀನು ತಿನ್ನದವನು ಮೊದಲ ಸಲ ಬೇಯಿಸಿದ ಮೀನು, ಬಣ್ಣದಲ್ಲೂ ಪದರದಲ್ಲೂ ಮೂಗಣ್ಣನ ಮೀನಿಗಿಂತ ಕೂದಲೆಳೆಯಷ್ಟೂ ಬೇರೆಯಾಗಿರಲಿಲ್ಲ. "ಎಲ್ಲ ನಿಮ್ಮ ಕೈಗುಣ ಅಣ್ಣ" ಎಂದ ಅವನು, ನಾಚಿಕೊಂಡು. ಕೈಗುಣ ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅದು ಗೋಡೆಗೆ ವೈರಿನಿಂದ ಕಟ್ಟಿಕೊಂಡು ಕೌಂಟರಿನ ಮೇಲೆ ತಣ್ಣಗಾಗುತ್ತಿತ್ತು.

ಸಂಜೆ ಹೆಂಡತಿ ಎಲ್ಲ ಕೇಳಿಸಿಕೊಂಡಳು. ಬಟ್ಟೆ ಮಡಚುತ್ತಿದ್ದವಳು ಮಡಚುವುದು ನಿಲ್ಲಿಸಲಿಲ್ಲ.

"ಹೋಗ್ಬೇಡಿ. ಅಂಥ ಕಡೆ ಸುಳಿಯಲೇಬಾರದು ಅಂದಿದ್ರು ಡಾಕ್ಟ್ರು. ಮೂರು ವರ್ಷಕ್ಕೆ ಇನ್ನೂ ಹತ್ತು ತಿಂಗಳಿದೆ."

"ಹತ್ತು ತಿಂಗಳು ಏನು ತಿನ್ನೋದು? ಲವಂಗಾನಾ?"

"ಬೇರೆ ಕಡೆ ಅಡುಗೆ ಕೆಲಸ ನೋಡ್ರಿ."

"ಎಲ್ಲ ಕಡೆ ಮೊದಲನೇ ದಿನ, ಅಡುಗೆ ಭಟ್ರೇ ಮೂಸಿ ನೋಡಿ ಹೇಳಿ ಅಂತಾರೆ ಕಣೆ."

ಅವಳು ಮಗಳ ಶಾಲೆಯ ಅಂಗಿಯನ್ನು ಎರಡು ಸಲ ಮಡಚಿದಳು. "ಅಂದ್ರೆ ಇನ್ನು ಬರೋದೇ ಇಲ್ಲ ಅಂತ ಬಿಟ್ಟುಬಿಟ್ರಾ?" ಎಂದಳು. ಅವನು ಆ ಅಂಗಿಯನ್ನು ಎತ್ತಿ ಬೀರುವಿನಲ್ಲಿಟ್ಟ. ಅವಳು ಮತ್ತೆ ಕೇಳದಿದ್ದುದೇ ಅವನನ್ನು ಹೆಚ್ಚು ನೋಯಿಸಿತು.

ಬೆಳಿಗ್ಗೆ ಮೇಡಂ ಒಂದು ಅರ್ಜಿ ಮುಂದಿಟ್ಟರು. ಆ ಕೋಣೆಗೆ ಹೋಗುವವರೆಲ್ಲ ತುಂಬಬೇಕಾದದ್ದು. ವಯಸ್ಸು, ಎತ್ತರ, ತೂಕ. ಏಳನೇ ಪ್ರಶ್ನೆ: ಮೂಗು, ಗಂಟಲು, ಶ್ವಾಸಕೋಶದ ಯಾವುದಾದರೂ ತೊಂದರೆ ಇದೆಯೇ?

ಅವನು ಪೆನ್ನು ಹಿಡಿದು ಮೇಡಂ ಮುಖ ನೋಡಿದ.

"ಇಲ್ಲ ಅಂತ ಬರೀರಿ" ಎಂದರು ಅವರು, ಸ್ವಲ್ಪ ಮೆಲ್ಲಗೆ. "ಇದೆ ಅಂದ್ರೆ ಅಲ್ಲಿಗೆ ಹಾಕೋಕೆ ಬರಲ್ಲ."

ಎರಡು ವರ್ಷ ಸುಳ್ಳು ಹೇಳಿ, ನಿನ್ನೆಯಷ್ಟೇ ನಿಜ ಒಪ್ಪಿಕೊಂಡು ಹಗುರಾಗಿದ್ದವನು, ದುಂಡಗಿನ ಅಕ್ಷರದಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದ. ಒಂದು ಮಾಸ್ಕು ಕೊಟ್ಟರು.

ಆ ಕೋಣೆಯಲ್ಲಿ ಇಬ್ಬರಿದ್ದರು. ಇಬ್ಬರೂ ಅರ್ಧ ಗಂಟೆಗೊಮ್ಮೆ ಬಾಗಿಲ ಹೊರಗೆ ಹೋಗಿ ಉಸಿರಾಡಿ ಬರುತ್ತಿದ್ದರು. "ನೀವೂ ಬನ್ನಿ" ಎಂದು ಕರೆದರು. ಅವನು ಬರುತ್ತೇನೆ ಎಂದು ಕೂತೇ ಇದ್ದ. ಅವನಿಗೆ ಅಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ಗಾಜಿನಂಥ ಗಾಳಿ. ಫ್ರೇಮುಗಳನ್ನು ತಂತಿಗೆ ಸಿಕ್ಕಿಸಿ, ದ್ರಾವಣದಲ್ಲಿ ಅದ್ದಿ, ಎತ್ತಿ, ತೂಗುಹಾಕಿದ. ಮಧ್ಯಾಹ್ನದ ಹೊತ್ತಿಗೆ ಮುನ್ನೂರು ಮುಗಿದಿತ್ತು. ಮೇಲ್ವಿಚಾರಕ ಬಂದು ಎಣಿಸಿ ಖುಷಿಪಟ್ಟ. ಅಷ್ಟು ಹೊತ್ತಿಗೆ ಮೂಗಣ್ಣನ ಕಣ್ಣುಗಳು ಮಾತ್ರ ಉರಿಯತೊಡಗಿದ್ದವು.