ಶೇಷ ಐದು

ಹಾಳೆಯ ಮೇಲ್ಭಾಗದಲ್ಲಿ ಗೆದ್ದಲು ತಿನ್ನದೆ ಬಿಟ್ಟದ್ದು ಏಳು ಅಂಕಿಗಳನ್ನು: ೧೮೪೭೩೭೫. ಅದರ ಮೇಲೆ ಸಂವತ್ಸರ, ತಿಥಿ, ವಾರ ಇದ್ದ ಕಡೆ ಕಾಗದವೇ ಇರಲಿಲ್ಲ. ಕೆಳಗಿನ ಕುಂಡಲಿ, ಫಲ ಉಳಿದಿದ್ದವು.

ಅದು ನನ್ನ ಜಾತಕ. ಎಂಬತ್ತರ ದಶಕದ ಆರಂಭ. ನಾನು ಮೂಡುಬಿದಿರೆಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಳದಂಗಡಿ ಕಡೆಯ ಒಂದು ಮನೆಯವರು ಜಾತಕ ಕೇಳಿದ್ದರು. ಬಂಟ್ವಾಳದ ಮನೆಗೆ ಬಂದ ಶನಿವಾರ ಅಪ್ಪ ಅದನ್ನು ಕೈಗಿಟ್ಟರು.

“ಗೆದ್ದಲಿಗೂ ನಿನ್ನ ಭವಿಷ್ಯ ರುಚಿಯಾಗಿದೆ ಮಾರಾಯ್ತಿ. ಒಂದು ಪ್ರತಿ ಮಾಡು. ಹೋದದ್ದನ್ನು ನೀನೇ ತುಂಬಿಸು, ಎಂ.ಎಸ್ಸಿ. ಅಲ್ವಾ?”

ಆ ಸಂಖ್ಯೆ ಕಲಿದಿನ: ಕಲಿಯುಗ ಶುರುವಾದಲ್ಲಿಂದ ಹುಟ್ಟಿದ ದಿನದವರೆಗೆ ಕಳೆದ ದಿನಗಳು. ಏಳರಿಂದ ಭಾಗಿಸಿದಾಗ ಶೇಷ ಸೊನ್ನೆಯಾದರೆ ಶುಕ್ರವಾರ, ಒಂದಾದರೆ ಶನಿವಾರ. ಭಾಗಿಸಿದೆ. ಶೇಷ ಐದು, ಬುಧವಾರ. ನಾನು ಹುಟ್ಟಿದ್ದು ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು.

ಮತ್ತೆ ಭಾಗಿಸಿದೆ. ಐದೇ. ಸುಮ್ಮನೆ ಬೇರೆ ಸಂಖ್ಯೆಗಳಿಂದಲೂ ಭಾಗಿಸುತ್ತ ಕೂತೆ. ಐದರಿಂದ ಮೂರು ಸಲ ಹೋಗಿ ೧೪೭೭೯ಕ್ಕೆ ನಿಂತಿತು, ಅದು ಅವಿಭಾಜ್ಯ. ಕೊನೆಗೆ ಪಂಚಾಂಗದಲ್ಲಿದ್ದ ಆ ಶನಿವಾರದ ಕಲಿದಿನದಿಂದ, ಶಾಲೆಯ ದಾಖಲೆಯಲ್ಲಿದ್ದ ನನ್ನ ಜನ್ಮದಿನದವರೆಗೆ ಹಿಂದಕ್ಕೆ ಎಣಿಸಿದೆ. ೧೮೪೭೭೯೦. ಶೇಷ ಸೊನ್ನೆ.

ನನಗಿಂತ ೪೧೫ ದಿನ ಮೊದಲು ಹುಟ್ಟಿದ ಯಾರದೋ ಜಾತಕ. ಆದರೆ ಅದರಲ್ಲಿ ಏಳನೇ ವಯಸ್ಸಿನಲ್ಲಿ ವಿಷಮಜ್ವರ, ಹನ್ನೆರಡರಲ್ಲಿ ನೀರಿನ ಗಂಡಾಂತರ ಎಂದಿತ್ತು. ಏಳರಲ್ಲಿ ನನಗೆ ಟೈಫಾಯ್ಡ್ ಬಂದಿತ್ತು. ಹನ್ನೆರಡರಲ್ಲಿ ನನ್ನನ್ನು ನೇತ್ರಾವತಿಯಿಂದ ಜಡೆ ಹಿಡಿದು ಎಳೆದು ತೆಗೆದಿದ್ದರು.

ಅಮ್ಮ ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದಳು.

“ಇದು ಯಾರದ್ದಮ್ಮ?”

ಅವಳು ಕತ್ತಿ ಕೆಳಗಿಟ್ಟಳು. “ನಿನ್ನ ಅಕ್ಕಂದು. ಹನ್ನೊಂದು ದಿವಸ ಇದ್ದಳು. ಜಾತಕದಲ್ಲಿ ಎಂಬತ್ತು ವರ್ಷ ಅಂತ ಬರೆದುಂಟು, ನೋಡು. ಬರೆದ ಆಯುಷ್ಯ ಹಾಳಾಗುದು ಬೇಡ, ಈ ಮಗುವಿಗೆ ಆಗ್ಲಿ ಅಂತ ಅಜ್ಜಿ ನಿನ್ನ ತೊಟ್ಟಿಲಿಗೆ ಕಟ್ಟಿದ್ರು. ನಿನಗೆ ಬೇರೆ ಬರೆಸ್ಲೇ ಇಲ್ಲ. ಈ ಜಾತಕ ಅವಳದ್ದು ಅಂತ ಅಪ್ಪನಿಗೆ ಗೊತ್ತಿಲ್ಲ.”

“ನಾನು ನನ್ನದನ್ನು ಲೆಕ್ಕ ಹಾಕಿ ಕೊಡ್ತೇನೆ.”

“ಬೇಡ. ನಿನ್ನದು ಬೇರೆ ಅಂತ ಒಮ್ಮೆ ಬರೆದ್ರೆ ಅವಳು ಅವಳದ್ದನ್ನು ತಕ್ಕೊಂಡು ಹೋಗ್ತಾಳೆ. ಮದುವೆ ತಪ್ಪಿದ್ರೆ ತಪ್ಪಲಿ. ನೀನು ಉಳೀಬೇಕು.”

ಇಂಥದ್ದನ್ನು ನಂಬುವವಳಲ್ಲ ನಾನು. ಆದರೆ ದೇವಸ್ಥಾನದಲ್ಲಿ ಭಟ್ಟರು ನನ್ನ ಹೆಸರಿನೊಂದಿಗೆ ಆ ಜಾತಕದ ಶ್ರವಣ ನಕ್ಷತ್ರವನ್ನು ಹೇಳಿದಾಗಲೆಲ್ಲ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅದು ಭಕ್ತಿಯೆಂದು ತಿಳಿದಿದ್ದೆ. ಅಷ್ಟು ವರ್ಷ ಅಕ್ಕ, ನಾನು ಇಬ್ಬರಲ್ಲಿ ಯಾರಿಗೆ ಪ್ರಸಾದ ಕೊಟ್ಟರೋ. ಆ ಸಂಜೆ ಯಾರಾದರೂ ನನ್ನ ಹೆಸರು ಕರೆದರೆ ಓಗೊಡುವ ಮುಂಚೆ ಸ್ವಲ್ಪ ತಡೆಯುತ್ತಿದ್ದೆ, ಇನ್ಯಾರಾದರೂ ಓಗೊಡುತ್ತಾರೋ ಎಂಬಂತೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿದು, ದಪ್ಪ ಬಿಳಿ ಕಾಗದ ತೆಗೆದುಕೊಂಡು ಪ್ರತಿ ಮಾಡಿದೆ. ಏಳು ಅಂಕಿಗಳನ್ನು ಇದ್ದಂತೆಯೇ ಇಳಿಸಿ, ಅವಕ್ಕೆ ಹೊಂದುವ ಸಂವತ್ಸರ, ತಿಥಿ ತುಂಬಿಸಿದೆ. ವಾರದ ಜಾಗದಲ್ಲಿ ಬುಧವಾರ ಎಂದು ಬರೆದೆ, ಅದರ ಕೆಳಗೆ ನನ್ನ ಹೆಸರು. ಶಾಯಿ ಒಣಗಿದ ಮೇಲೆ ಅಪ್ಪನಿಗೆ ಕೊಟ್ಟೆ.