ಜಾಹೀರಾತು ಒತ್ತುವ ಮನೆ

ಹೊನ್ನಾಳಿ ಸುತ್ತಲಿನ ಸುದ್ದಿಗೆಂದು ನಾನೊಬ್ಬನೇ ನಡೆಸುವ ವೆಬ್‌ಸೈಟ್ ಒಂದಿದೆ. ಅದರ ಹೊಟ್ಟೆಪಾಡು ನಡೆಯುವುದು ಜಾಹೀರಾತಿನಿಂದ. ಮೊದಲು ಓದುಗರು ಜಾಹೀರಾತು ಒತ್ತಿದರೆ ದುಡ್ಡು ಬರುತ್ತಿತ್ತು. ಈಚೆಗೆ ಜಾಹೀರಾತು ಕೊಡುವ ಕಂಪನಿಯವರು ಲೆಕ್ಕ ಬದಲಿಸಿ, ಅದು ಕಣ್ಣಿಗೆ ಬಿದ್ದದ್ದಕ್ಕಷ್ಟೇ ದುಡ್ಡು ಎಂದರು. ಆದಾಯ ಅರ್ಧಕ್ಕಿಳಿಯಿತು.

ನಾಲೆ ನೀರಿನ ಸುದ್ದಿ ಹಾಕಿದ ಮರುದಿನ, ಫೋಟೋ ತೆಗೆಯಲು ಗೋವಿನಕೋವಿ ಹಳ್ಳಿಗೆ ಹೋದೆ. ಚಹಾ ಕೊಟ್ಟ ಮನೆಯಾಕೆ ನನ್ನ ಗುರುತು ಹಿಡಿದು ಹಿಗ್ಗಿದರು. "ನಿಮ್ ಜಾಹೀರಾತು ಮನೆಮಂದಿಯೆಲ್ಲ ದಿನಾ ಒತ್ತತೀವಿ ರೀ. ನಮ್ಮೂರ ಸುದ್ದಿ ಹಾಕ್ತೀರಿ, ನಾವು ಸುಮ್ನೆ ಇರಾಕೆ ಆಗುತ್ತಾ? ನಿನ್ನೆ ವಿಮಾನದ ಟಿಕೀಟು ಬಂದಿತ್ತು, ಅದನ್ನೂ ಒತ್ತಿದ್ವಿ."

ನನಗೆ ಚಹಾ ನೆತ್ತಿಗೆ ಹತ್ತಿತು. "ಅಯ್ಯೋ, ಒತ್ತಬ್ಯಾಡ್ರಿ! ಕೊಳ್ಳೋ ಮನಸ್ಸಿಲ್ಲದೆ ಒತ್ತಿದ್ರೆ ಮೋಸ ಅಂತ ನನ್ನ ಖಾತೆನೇ ಮುಚ್ಚತಾರೆ. ಈಗ ಒತ್ತಿದ್ದಕ್ಕೆ ಕಾಸೂ ಇಲ್ಲ."

ಅವರ ಮುಖ ಸಪ್ಪಗಾಯಿತು. "ಮತ್ತೆ ನಿಮಗೆ ಉಪಕಾರ ಮಾಡೋದು ಹೆಂಗ್ರಿ?"

"ಸುದ್ದಿ ಓದ್ರಿ, ಸಾಕು."

"ಅದನ್ನ ಇಷ್ಟು ದಿನ ಓದೇ ಇಲ್ಲ ಬಿಡ್ರಿ" ಎಂದರು, ಸಂಕೋಚವೇ ಇಲ್ಲದೆ. ಅಲ್ಲೇ ಮೊಬೈಲ್ ತೆಗೆದು ನಿನ್ನೆಯ ಸುದ್ದಿಯನ್ನು ಕೊನೆತನಕ ಓದಿ, ತಲೆಯೆತ್ತಿದರು. "ನೀರು ಕೊನೇ ಹೊಲಕ್ಕೂ ಮುಟ್ಟೈತೆ ಅಂತ ಬರ್ದೀರಲ್ಲ, ಆ ಕೊನೇ ಹೊಲ ನಮ್ದೇ. ಬರ್ರಿ, ತೋರಿಸ್ತೀನಿ."

ಹನಿ ನೀರೂ ಮುಟ್ಟದ ಆ ಹೊಲದ ಒಣ ಬದುವಿನ ಮೇಲೆ ನಿಂತೇ ಸುದ್ದಿ ತಿದ್ದಿದೆ. ಈಗ ಆ ಊರಿಂದ ದಿನಾ ಯಾರಾದರೊಬ್ಬರು ಫೋನ್ ಮಾಡಿ ನನ್ನ ತಪ್ಪು ಹಿಡಿಯುತ್ತಾರೆ. ಸುತ್ತಲಿನ ಯಾವ ಸೈಟಿಗೂ ಇಂಥ ಓದುಗರಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಕಂಪನಿಗೆ ಮಾತ್ರ ಹೇಳಿಲ್ಲ. ಗೊತ್ತಾದರೆ ಇದಕ್ಕೂ ಒಂದು ದರ ಕಟ್ಟಿ, ಆಮೇಲೆ ಅದನ್ನೂ ಇಳಿಸಿಬಿಟ್ಟಾರು.